ತೋರಿಸಿದ ಜಾಗ

ವೆಂಕಟರಮಣಪ್ಪಗೌಡನ ಸಮಾಧಿಯ ಕೆಳಗೆ ವೆಂಕಟರಮಣಪ್ಪಗೌಡ ಇರಲಿಲ್ಲ.

ಮುನಿರಾಮಪ್ಪನಿಗೆ ಇದು ಮೂವತ್ತು ವರ್ಷದಿಂದ ಗೊತ್ತಿತ್ತು. ಗೊತ್ತಿದ್ದೂ ಆ ಗುರುವಾರ ಬೆಳಿಗ್ಗೆ ಏಳಕ್ಕೆ ಹಾರೆ ಹಿಡಿದವನು ಮಧ್ಯಾಹ್ನ ಎರಡರವರೆಗೆ ಅಲ್ಲೇ ಅಗೆದ. ಅಗೆ ಎಂದರು, ಅಗೆದ. ಮೊದಲು ಟೈಲ್ಸು ಕಿತ್ತ. ಆಮೇಲೆ ಸಿಮೆಂಟು ಒಡೆದ. ಆಮೇಲೆ ಚಪ್ಪಡಿ ಮೀಟಿದ. ಶಿವಾರಪಟ್ಟಣದಲ್ಲಿ ಕೆತ್ತಿಸಿ ತಂದು ಕೂರಿಸಿದ್ದ ಗೌಡನ ಕಲ್ಲಿನ ಮುಖವನ್ನು ಮನೆಯವರೇ ಎತ್ತಿಕೊಂಡು ಹೋಗಿ ಟ್ರ್ಯಾಕ್ಟರಿನಲ್ಲಿ ಮಲಗಿಸಿದರು. ಅದನ್ನು ಮುನಿರಾಮಪ್ಪ ಮುಟ್ಟುವಂತಿರಲಿಲ್ಲ. ಮೂಳೆಗಳನ್ನು ಮುಟ್ಟಬಹುದಿತ್ತು. ಅದಕ್ಕೇ ಅವನನ್ನು ಕರೆಸಿದ್ದು.

ಊರಿನ ಪಕ್ಕದಲ್ಲಿ ಬೈಪಾಸು ಬರುತ್ತಿತ್ತು. ನಂಗಲಿ ಕಡೆಯಿಂದ ಬರುವ ಲಾರಿಗಳು ಇನ್ನು ಊರೊಳಗೆ ನುಗ್ಗದೆ ಗೌಡನ ತೋಟ, ಕೆರೆ ಕೆಳಗಿನ ಗದ್ದೆ, ಕಾಲೊನಿಯವರು ಹೆಣ ಹೂಳುವ ಜಾಗ, ಇಷ್ಟನ್ನೂ ಸೀಳಿಕೊಂಡು ನೇರ ಹೋಗುತ್ತವೆ. ತೋಟದ ಸಮಾಧಿಯನ್ನು ಬೇರೆ ಕಡೆಗೆ ಒಯ್ಯಲು ಗೌಡನ ಮನೆಯವರಿಗೆ ಎರಡು ತಿಂಗಳು ಕೊಟ್ಟಿದ್ದರು. ಕಾಲೊನಿಯವರಿಗೆ ಒಂದು ದಿನವನ್ನೂ ಕೊಟ್ಟಿರಲಿಲ್ಲ. ಅವರ ಜಾಗ ಪಹಣಿಯಲ್ಲಿ ಖರಾಬು, ಯಾರಿಗೂ ಸೇರದ ಬರಡು. ಖರಾಬಿನಲ್ಲಿ ಹೆಣ ಇರುವುದಿಲ್ಲ.

ಎರಡಡಿ ಇಳಿದರೆ ಸಾಕು, ಅಗೆಯುವವನಿಗೆ ತಿಳಿಯುತ್ತದೆ. ಒಮ್ಮೆ ತೋಡಿ ಮುಚ್ಚಿದ ಮಣ್ಣು ಎಷ್ಟು ವರ್ಷವಾದರೂ ಮೊದಲಿನಂತೆ ಕೂಡಿಕೊಳ್ಳುವುದಿಲ್ಲ. ಹಾರೆ ಸಲೀಸಾಗಿ ಇಳಿಯುತ್ತದೆ, ಸದ್ದು ದಪ್ಪಗಿರುತ್ತದೆ. ಇಲ್ಲಿ ಹಾರೆ ಪುಟಿಯುತ್ತಿತ್ತು. ಯಾರೂ ಕೈಯಿಡದ ನೆಲ. ಒಂದೊಂದು ಏಟಿಗೂ ಮೊಣಕೈಯಿಂದ ಭುಜದವರೆಗೆ ಜುಮ್ಮೆನ್ನುತ್ತಿತ್ತು. ಐವತ್ತೈದರ ಮೈ. ಬಲಗೈಯ ಎರಡು ಬೆರಳು ಹಾರೆಯ ಹಿಡಿತಕ್ಕೆ ಬಾಗಿ ಬಾಗಿ ಈಗ ನೆಟ್ಟಗಾಗುವುದನ್ನೇ ಬಿಟ್ಟಿವೆ. ಆ ಬೆರಳುಗಳಲ್ಲೇ ಅನ್ನ ಕಲಸುತ್ತಾನೆ.

"ಸಿಕ್ತೇನ್ಲಾ?" ಮೇಲಿನಿಂದ ನಂದೀಶ್ ಕೇಳಿದ. ಸತ್ತವನ ಮಗ. ಮುನಿರಾಮಪ್ಪನಿಗಿಂತ ಹತ್ತು ವರ್ಷ ಚಿಕ್ಕವನು. ಎರಡು ಸಲ ಪಂಚಾಯಿತಿ ಮೆಂಬರಾಗಿದ್ದವನು.

"ಇಲ್ಲ ಗೌಡ್ರೆ."

"ಇನ್ನೊಂದಡಿ ಹೋಗು."

ಇನ್ನೊಂದಡಿ ಹೋದ. ನಡುವೆ ನೀರು ಕೊಟ್ಟರು. ಮೊದಲಾದರೆ ಎತ್ತರದಿಂದ ಬೊಗಸೆಗೆ ಹೊಯ್ಯುತ್ತಿದ್ದರು. ಈಗ ಕುಡಿದು ಬಿಸಾಡುವ ಲೋಟ ಬಂದಿದೆ. ಅವನು ಕುಡಿದು ಲೋಟವನ್ನು ಮಣ್ಣಿನ ಗುಡ್ಡೆಯ ಮೇಲೆ ಎಸೆದ.

ಗೌಡನ ಹೆಂಡತಿ ಚಿಕ್ಕಗಂಗಮ್ಮ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದಳು. ಎಂಬತ್ತು ದಾಟಿದೆ. ಅವಳು ಬಗ್ಗಿ ನೋಡಿದಳು. ಗುಂಡಿಯೊಳಗಿದ್ದ ಮುನಿರಾಮಪ್ಪನ ತಲೆ ಅವಳ ಪಾದದ ಮಟ್ಟಕ್ಕಿತ್ತು.

"ಲೇ ಮುನಿರಾಮ, ನಮ್ ಯಜಮಾನರನ್ನ ಮಣ್ಣು ಮಾಡ್ದಾಗ ಗುಂಡಿ ಅಗ್ದಿದ್ದು ನೀನೇ ಅಲ್ವೇನೋ?"

"ನಾನೇ ಅಮ್ಮಾವ್ರೆ."

"ಇಲ್ಲೇ ಅಲ್ವೇನೋ?"

"ನೆನಪಿಲ್ಲ ಅಮ್ಮಾವ್ರೆ."

ಮುದುಕಿ ಕುರ್ಚಿಗೆ ಒರಗಿದಳು. ಆಮೇಲೆ ಯಾರನ್ನೂ ಕೇಳದ ಹಾಗೆ ಕೇಳಿದಳು: "ಅಂದ್ರೆ ಇಷ್ಟು ವರ್ಷ ನಾನು ಇಲ್ಲಿ ಎಡೆ ಇಟ್ಟೆನಲ್ಲ, ಯಾರಿಗಿಟ್ಟೆ?"

ಮುನಿರಾಮಪ್ಪನಿಗೆ ನಗು ಬರಬೇಕಾಗಿತ್ತು. ಈ ಗಳಿಗೆಗೆಂದೇ ಅವನು ಬೆಳಗಿನಿಂದ ಅಗೆದಿದ್ದ. ನಗು ಬರಲಿಲ್ಲ. ಆ ಮಾತು ನೇರ ಅವನ ಎದೆಗೆ ಬಂದು ಬಡಿಯಿತು. ಅವನು ಮುಖ ತಗ್ಗಿಸಿ ಹಾರೆಯ ಮೊನೆಗೆ ಮೆತ್ತಿದ್ದ ಮಣ್ಣನ್ನು ಕೆರೆಯುತ್ತಾ ನಿಂತ.

*

"ನಿಂಗೆ ಗೊತ್ತು," ಎಂದಳು ತ್ರಿವೇಣಿ. "ನೀನು ಗುಂಡಿ ಮರೆಯೋನಲ್ಲ, ನಾಯ್ನಾ."

ತ್ರಿವೇಣಿ ಅವನ ಒಬ್ಬಳೇ ಮಗಳು. ಮುಳಬಾಗಿಲಿನ ಹಾಸ್ಟೆಲಿನಲ್ಲಿದ್ದು ಬಿ.ಎಡ್ ಮುಗಿಸಿ ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕಿಯಾಗಿದ್ದಳು. ಕಾಲೊನಿಯ ಹೂಳುವ ಜಾಗ ಉಳಿಸಲು ಆರು ತಿಂಗಳಿಂದ ತಾಲೂಕು ಕಚೇರಿಗೆ ಅಲೆಯುತ್ತಿದ್ದವಳು ಅವಳೇ.

ಮುನಿರಾಮಪ್ಪ ಕಾಲು ತೊಳೆಯುತ್ತಾ ಹೇಳಿದ. ಗೌಡ ಸತ್ತಾಗ ತಲೆಯ ಕಡೆಗೆ ತಾನೇ ಒಂದು ಗುರುತಿನ ಕಲ್ಲು ನೆಟ್ಟಿದ್ದ. ಯಾರೋ ಅದನ್ನು ಕಿತ್ತು ದನ ಕಟ್ಟಲು ಒಯ್ದರು. ವರ್ಷದ ಮೇಲೆ ಸಮಾಧಿ ಕಟ್ಟಲು ಗಾರೆಯವರು ಬಂದಾಗ ಗೌಡನ ತಮ್ಮ ಅಂದಾಜಿನ ಮೇಲೆ ತೋರಿಸಿದ. ಎಂಟು ಮಾರು ತಪ್ಪಿತ್ತು. ಪಾಯ ತೋಡುತ್ತಿದ್ದುದನ್ನು ಮುನಿರಾಮಪ್ಪ ಬದುವಿನ ಮೇಲಿಂದ ನೋಡಿದ. ಹೇಳಲೆಂದು ನಾಲ್ಕು ಹೆಜ್ಜೆ ಮುಂದೆ ಬಂದ. "ಏನ್ಲಾ, ಪೂಜೆ ನಡೀತಾದೆ, ಕಾಣಲ್ವಾ? ಆಚೆ ನಿಲ್ಲು," ಎಂದರು. ಆಚೆ ನಿಂತ. ಅಷ್ಟೇ.

ತ್ರಿವೇಣಿ ಬಾಯಿಗೆ ಕೈಯಿಟ್ಟುಕೊಂಡು ನಕ್ಕಳು. ಆಮೇಲೆ ನಗು ನಿಲ್ಲಿಸಿದಳು.

"ಹಾಗಾದ್ರೆ ಇವತ್ತು ಏಳು ಗಂಟೆ ಹೊತ್ತು ಯಾಕೆ ಅಗ್ದೆ?"

"ಅಗೀ ಅಂದ್ರು."

"ಅಂದ್ರೆ ಅಗಿಯೋದಾ?"

ಅವನು ಕಾಲಿನ ಮೇಲಿನ ನೀರು ಒರೆಸಿಕೊಂಡ.

"ಬಿಡು. ಶನಿವಾರ ಆರ್‌ಐ ಜಾಗ ನೋಡಿ ಮಹಜರು ಬರಿಯೋಕೆ ಬರ್ತಾರೆ," ಎಂದಳು. "ಕಾಲೊನಿ ಜಾಗದಲ್ಲಿ ಗುಂಡಿಗಳೇ ಇಲ್ಲ, ದನ ಮೇಯ್ತಿದ್ವು ಅಂತ ನಂದೀಶ್ ಬರೆದುಕೊಟ್ಟವ್ನೆ. ಪಕ್ಕದ ಜಮೀನಿನೋರು ಅಂತ ಅವನ ಮಾತೇ ನಡೀತಾದೆ. ಖರಾಬು ಅವನ ಅಳತೆಗೆ ಸೇರಿದ್ರೆ ಪರಿಹಾರದ ದುಡ್ಡೂ ಅವನಿಗೇ ಅಲ್ವಾ. ಸುಳ್ಳು ಅಂತ ತೋರಿಸ್ಬೇಕಂದ್ರೆ ಒಂದಾದ್ರೂ ಹಳೇ ಗುಂಡಿ ನಮ್ಮೆದುರಿಗೆ ತೆಗೀರಿ ಅಂದವ್ರೆ. ಅಮ್ಮಂದು ಬೇಡವಂತೆ. ನಾಲ್ಕು ವರ್ಷದ್ದು, ನಿನ್ನೆ ಮೊನ್ನೆ ಹೂತು ಸ್ಮಶಾನ ಅಂತೀರಿ ಅಂತಾರೆ. ನಾನು ಅಜ್ಜಿ ಹೆಸರು ಕೊಟ್ಟಿದೀನಿ."

"ಯಾರ ಹೆಸರು?"

"ಕದಿರಮ್ಮ. ಅರ್ಜಿಯಲ್ಲಿ ಮೊದಲನೇ ಹೆಸರೇ ಅಜ್ಜಿದು. ಹೊಂಗೆ ಮರದ ಕೆಳಗೆ ನೀನು ತೋರಿಸ್ತೀಯಲ್ಲ, ಅದೇ. ಮೂಳೆ ಸಿಕ್ಕಿದ್ರೆ ಸಾಕು. ಎಲ್ಲರನ್ನೂ ಸಾಗಿಸೋಕೆ ಟೈಮು ಕೊಡ್ಬೇಕು, ಬೇರೆ ಜಾಗಾನೂ ಕೊಡ್ಬೇಕು. ಸಿಗಲಿಲ್ಲ ಅಂದ್ರೆ ಮಂಗಳವಾರ ಜೆಸಿಬಿ ಬರ್ತದೆ."

ಮುನಿರಾಮಪ್ಪ ಚೊಂಬು ಕೆಳಗಿಟ್ಟ. ಅದು ಉರುಳಿತು. ಎತ್ತಲಿಲ್ಲ.

*

ಅವನ ತಾಯಿ ಕದಿರಮ್ಮ ಸತ್ತದ್ದು ವೆಂಕಟರಮಣಪ್ಪಗೌಡ ಸತ್ತ ದಿನವೇ. ಅವಳು ಬೆಳಗಿನ ಜಾವ, ಗೌಡ ಎಂಟು ಗಂಟೆಗೆ.

ಮುನಿರಾಮಪ್ಪನಿಗೆ ಆಗ ಇಪ್ಪತ್ತನಾಲ್ಕು. ತಾಯಿಗೆ ಸ್ನಾನ ಮಾಡಿಸಲು ನೀರು ಕಾಯುತ್ತಿತ್ತು. ಗೌಡನ ಮನೆಯ ಆಳು ಬಂದು ಬೀದಿಯಲ್ಲಿ ನಿಂತ. "ಗುಂಡಿಗೆ ಬರಬೇಕಂತೆ." ನಮ್ಮಮ್ಮ ಹೋಗವ್ಳೆ ಎಂದ ಮುನಿರಾಮಪ್ಪ. "ನಿಮ್ಮಮ್ಮ ಕಾಯ್ತಾಳೆ. ಗೌಡ್ರು ಕಾಯ್ತಾರಾ?" ಎಂದ ಆಳು. ತಮಟೆಯವರನ್ನೂ ಕರೆದುಕೊಂಡು ಹೋದರು. ಚಪ್ಪರ ಹಾಕುವವರನ್ನೂ ಕರೆದುಕೊಂಡು ಹೋದರು. ಕಾಲೊನಿಯಲ್ಲಿ ಉಳಿದವರು ಹೆಂಗಸರು ಮತ್ತು ಇಬ್ಬರು ಮುದುಕರು.

ಅವನು ಹೋದ. ಕೈಕಾಲು ಕಟ್ಟಿ ಎಳೆದುಕೊಂಡು ಹೋಗಲಿಲ್ಲ. ಯಾರೂ ಹೊಡೆಯಲಿಲ್ಲ. ಅವನೇ ಹಾರೆ ಹೆಗಲಿಗಿಟ್ಟುಕೊಂಡು ನಡೆದ. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಎಳೆದುಕೊಂಡು ಹೋಗಿದ್ದರೆ ಹೇಳಬಹುದಿತ್ತು.

ಗೌಡನ ಗುಂಡಿ ಮುಗಿಯುವಾಗ ಸಂಜೆ. ಕಾಲೊನಿಗೆ ಬಂದರೆ ಮನೆ ಮುಂದೆ ಸಗಣಿ ಸಾರಿಸಿತ್ತು. ಹೆಣ ಇಟ್ಟುಕೊಳ್ಳಲು ಆಗದೆ ಆ ಇಬ್ಬರು ಮುದುಕರೇ ಹೆಂಗಸರ ಕೈಗೂ ಸನಿಕೆ ಕೊಟ್ಟು ಹೇಗೋ ಮಣ್ಣು ಮಾಡಿದ್ದರು. ಎಲ್ಲಿ ಎಂದು ಅವನು ಕೇಳಲಿಲ್ಲ. ಊರಿಗೆಲ್ಲ ಗುಂಡಿ ತೋಡುವವನು ತನ್ನ ತಾಯಿಯ ಗುಂಡಿ ಎಲ್ಲಿ ಎಂದು ಯಾವ ಬಾಯಲ್ಲಿ ಕೇಳುವುದು? ನಾಳೆ ಕೇಳೋಣ ಎಂದುಕೊಂಡ. ನಾಳೆ ಮಳೆ ಹಿಡಿಯಿತು. ಆ ಕಾರ್ತೀಕದಲ್ಲಿ ಹಳ್ಳ ಉಕ್ಕಿ ಜಾಗದ ತುಂಬ ಕೆಸರಿನ ಮಡ್ಡಿ ನಿಂತಿತು. ಮುದುಕರಲ್ಲಿ ಒಬ್ಬ ಆ ವರ್ಷವೇ ಸತ್ತ, ಇನ್ನೊಬ್ಬನಿಗೆ ಬುದ್ಧಿ ಕೆಟ್ಟಿತು. ಮಡ್ಡಿಯ ಕೆಳಗೆ ಗುರುತು ಅಳಿದ ಮೇಲೆ ಹೆಂಗಸರಿಗೂ ಜಾಗ ತಿಳಿಯುತ್ತಿರಲಿಲ್ಲ, ಅವನಿಗೆ ಗೊತ್ತಿದೆ ಎಂದೇ ಅಂದುಕೊಂಡಿದ್ದರು.

ಮದುವೆಯಾಗಿ ಬಂದ ಹೊಸದರಲ್ಲಿ, ಮಹಾಲಯ ಅಮಾವಾಸ್ಯೆಯ ದಿನ, ಹೆಂಡತಿ ಎಡೆ ಹಿಡಿದು ನಿಂತು ಕೇಳಿದಳು: "ಅತ್ತೆ ಎಲ್ಲಿ?"

ಅವನು ಕೈ ತೋರಿಸಿದ. ಹೊಂಗೆ ಮರದ ಕೆಳಗೆ ನೆಲ ಸ್ವಲ್ಪ ಉಬ್ಬಿತ್ತು. ಅಷ್ಟೇ ಕಾರಣ.

ಅವಳು ಅಲ್ಲಿ ಕಲ್ಲಿಟ್ಟಳು, ಅರಿಶಿನ ಹಚ್ಚಿದಳು. ಪ್ರತಿ ವರ್ಷ ಹಾಲು ಹೊಯ್ದಳು. ಸಾಯುವಾಗ ತನ್ನನ್ನು ಅತ್ತೆಯ ಪಕ್ಕ ಮಲಗಿಸಿ ಎಂದಳು. ನಾಲ್ಕು ವರ್ಷದ ಹಿಂದೆ ಮುನಿರಾಮಪ್ಪ ತನ್ನ ಕೈಯಾರೆ ತೋಡಿ ಅವಳನ್ನು ಅಲ್ಲಿ ಮಲಗಿಸಿದ. ಯಾರೂ ಇಲ್ಲದ ಜಾಗದ ಪಕ್ಕದಲ್ಲಿ.

*

ಶುಕ್ರವಾರ ಸಂಜೆ ನಂದೀಶ್ ಬೈಕಿನಲ್ಲಿ ಬಂದ. ಕಾಲೊನಿಯೊಳಕ್ಕೆ ಬರಲಿಲ್ಲ. ರಸ್ತೆಯಲ್ಲೇ ನಿಂತು ಹಾರನ್ ಒತ್ತಿದ. ಮುನಿರಾಮಪ್ಪ ಟವೆಲು ಸರಿಮಾಡಿಕೊಂಡು ಎದ್ದ. ತ್ರಿವೇಣಿಯೂ ಹಿಂದೆಯೇ ಬಂದಳು.

"ಅಮ್ಮ ನಿನ್ನೆಯಿಂದ ಅನ್ನ ಬಿಟ್ಟವ್ಳೆ," ಎಂದ ನಂದೀಶ್. "ನಿಂಗೆ ಗೊತ್ತಿರ್ತದೆ ಅಂತಾಳೆ. ಗೊತ್ತಿದ್ರೆ ಹೇಳ್ಬಿಡ್ಲಾ ಮುನಿರಾಮ. ಸುಮ್ನೆ ಆಟ ಆಡ್ಬೇಡ."

"ನೀವು ಬರೆದುಕೊಟ್ಟಿರೋದನ್ನ ವಾಪಸ್ ತಗೊಳ್ಳಿ," ಎಂದಳು ತ್ರಿವೇಣಿ. "ನಮ್ ನಾಯ್ನಂಗೆ ನೆನಪು ಬರ್ತದೆ."

"ನಿನ್ನನ್ನ ಕೇಳಿಲ್ಲಮ್ಮ ಟೀಚರಮ್ಮ."

"ಇವತ್ತಿಂದ ನನ್ನನ್ನೇ ಕೇಳ್ಬೇಕು."

ನಂದೀಶ್ ಅವಳನ್ನು ಮೇಲಿಂದ ಕೆಳಗೆ ನೋಡಿದ. "ಓದಿಸಿದ್ದು ಜಾಸ್ತಿಯಾಯ್ತು ಕಣೋ ಮುನಿರಾಮ," ಎಂದು ನಕ್ಕ. "ಆಯ್ತು. ನಾಳೆ ಮೊದ್ಲು ನಿಮ್ಮಜ್ಜಿ ಮೂಳೆ ತೋರ್ಸಿ. ಆಮೇಲೆ ನಮ್ಮಪ್ಪನ ವಿಷ್ಯ ಮಾತಾಡೋಣ."

"ತೋರಿಸ್ತೀವಿ. ಬನ್ನಿ. ನಿಮ್ಮಮ್ಮನ್ನೂ ಕರ್ಕೊಂಡು ಬನ್ನಿ."

ಬೈಕು ಹೋಯಿತು. ತ್ರಿವೇಣಿಯ ಮುಖ ಕೆಂಪಗಾಗಿತ್ತು. ಅವಳು ಅಪ್ಪನ ಕೈ ಹಿಡಿದುಕೊಂಡಳು. ಚಿಕ್ಕಂದಿನಲ್ಲಿ ಬಿಟ್ಟರೆ ಅವಳು ಹಾಗೆ ಹಿಡಿದದ್ದೇ ಇಲ್ಲ. ಆ ಗಳಿಗೆಯಲ್ಲಿ ಹೇಳಬೇಕಾಗಿತ್ತು. ಅವನು ಬಾಯಿ ತೆರೆದ. "ಸನಿಕೆ ಹಿಡಿ ಸಡಿಲ ಆಗ್ಯದೆ, ಸರಿಮಾಡ್ಬೇಕು," ಎಂದ.

*

ಶನಿವಾರ ಹತ್ತಕ್ಕೆ ರೆವಿನ್ಯೂ ಇನ್‌ಸ್ಪೆಕ್ಟರ್ ಕಾಂತರಾಜ್ ಬಂದ. ಕಂಕುಳಲ್ಲಿ ಫೈಲು, ಮೂಗಿಗೆ ಕರ್ಚೀಫು. ಮೂವತ್ತು ವರ್ಷದ ಹಳೇ ಮೂಳೆಗೆ ವಾಸನೆ ಇರುವುದಿಲ್ಲ ಎಂದು ಯಾರೂ ಅವನಿಗೆ ಹೇಳಲಿಲ್ಲ. ಕಾಲೊನಿಯ ಗಂಡಸರು ಹೆಂಗಸರು ಎಲ್ಲ ಬಂದಿದ್ದರು. ನಂದೀಶ್ ಕಾರಿನಲ್ಲಿ ತಾಯಿಯನ್ನು ಕರೆತಂದಿದ್ದ. ಮುದುಕಿ ಕಾರಿನ ಬಾಗಿಲು ತೆರೆದುಕೊಂಡು ಒಳಗೇ ಕೂತಿದ್ದಳು. ಬದುವಿನ ಆಚೆ ಜೆಸಿಬಿ ಆಗಲೇ ಬಂದು ನಿಂತಿತ್ತು. ಅದನ್ನು ಓಡಿಸುವ ಲಿಯಾಖತ್ ಮುಳಬಾಗಿಲಿನವನು. ಮೆಷಿನ್ನಿನ ಮೇಲೆ ಕೂತು ಬನ್ನು ತಿನ್ನುತ್ತಿದ್ದ.

"ಮಂಗಳವಾರ ಅಂದಿದ್ರಲ್ಲ, ಇವತ್ತೇ ಯಾಕೆ ತಂದ್ರಿ?" ಎಂದು ತ್ರಿವೇಣಿ ಅವನನ್ನೇ ಕೇಳಿದಳು.

"ನನ್ನನ್ನ ಕೇಳಿದ್ರೆ ಏನಕ್ಕಾ ಹೇಳ್ಲಿ? ನಿಲ್ಸು ಅಂದ್ರು, ನಿಲ್ಸಿದೆ," ಎಂದ ಲಿಯಾಖತ್. "ನಮ್ದು ಖಬರಸ್ತಾನಕ್ಕೆ ಗೋಡೆ ಐತೆ, ಕಾಗ್ದ ಐತೆ. ನಿಮ್ದಕ್ಕೆ ಬೇಲೀನೂ ಇಲ್ಲ. ಬೇಗ ಏನಾದ್ರೂ ತೋರ್ಸಿ ಅಕ್ಕಾ. ನನ್ ಕೈಯಾಗೆ ಈ ಕೆಲ್ಸ ಮಾಡಿಸ್ಬೇಡಿ."

ಕಾಂತರಾಜ್ ಫೈಲು ಬಿಚ್ಚಿದ. "ಹೆಸರು?"

"ಕದಿರಮ್ಮ," ಎಂದಳು ತ್ರಿವೇಣಿ. ಗಟ್ಟಿಯಾಗಿ ಹೇಳಿದಳು. "ನಮ್ಮಜ್ಜಿ. ಹೊಂಗೆ ಮರದ ಕೆಳಗೆ."

ಎಲ್ಲರೂ ಮರದ ಕೆಳಕ್ಕೆ ಬಂದರು. ಮುನಿರಾಮಪ್ಪ ಹೆಂಡತಿಯ ಗುಡ್ಡೆಯನ್ನು ಬಳಸಿಕೊಂಡು ಆ ಕಡೆ ನಿಂತ. ಅರಿಶಿನದ ಕಲ್ಲನ್ನು ಎತ್ತಿ ಪಕ್ಕಕ್ಕಿಟ್ಟ. ಒಂದು ವೇಳೆ ಇದ್ದರೂ ಇರಬಹುದು ಎಂದುಕೊಂಡ. ಇಡೀ ರಾತ್ರಿ ಅದನ್ನೇ ಅಂದುಕೊಂಡಿದ್ದ. ಉಬ್ಬಿದ್ದ ನೆಲವಲ್ಲವೇ. ಯಾರಾದರೂ ಸರಿ, ಯಾರದಾದರೂ ಮೂಳೆ.

ಹಾರೆ ಹಾಕಿದ. ಅರ್ಧ ಅಡಿ ಇಳಿಯಿತು. ಮತ್ತೆ ಹಾಕಿದ. ಮಣ್ಣೆತ್ತಿದ. ಎರಡಡಿಗೆ ಬಂದ. ಹಾರೆ ಪುಟಿಯಿತು.

ಆ ಸದ್ದು ಉಳಿದ ಯಾರಿಗೂ ಅರ್ಥವಾಗಲಿಲ್ಲ. ಅವನಿಗೆ ಆಯಿತು. ಇನ್ನೂ ನಾಲ್ಕಡಿ ಅಗೆಯಬಹುದಿತ್ತು. ಮೊನ್ನೆ ಗೌಡನ ತೋಟದಲ್ಲಿ ಅಗೆದ ಹಾಗೆ, ಗೊತ್ತಿದ್ದೂ, ಸುಮ್ಮನೆ, ಯಾರಾದರೂ ಸಾಕು ಎನ್ನುವವರೆಗೆ. ಸುತ್ತ ಕಾಲೊನಿಯವರೆಲ್ಲ ಬಗ್ಗಿ ನೋಡುತ್ತಿದ್ದರು.

ಅವನು ಹಾರೆಯನ್ನು ನೆಲದ ಮೇಲೆ ಮಲಗಿಸಿದ.

"ನಾನು ಅಗಿಯೋದಿಲ್ಲ. ಇಲ್ಲಿ ಇಲ್ಲ."

"ಏನಿಲ್ಲ?" ಎಂದ ಕಾಂತರಾಜ್.

"ನಮ್ಮಮ್ಮ ಇಲ್ಲಿಲ್ಲ ಸಾರ್."

ನಂದೀಶ್ ಚಪ್ಪಾಳೆ ತಟ್ಟಿದಂತೆ ನಕ್ಕ. "ಬರ್ಕೊಳ್ಳಿ ಸಾರ್. ಇಲ್ಲ ಅಂತ ಅವನೇ ಹೇಳ್ತಾವ್ನೆ."

"ನಾಯ್ನಾ, ಏನಂತೀಯ?" ತ್ರಿವೇಣಿ ಮುಂದೆ ಬಂದಳು. "ನೀನೇ ತೋರಿಸಿದ್ಯಲ್ಲ. ಅಮ್ಮ ಇಲ್ಲೇ ಹಾಲು ಹೊಯ್ತಿದ್ಳಲ್ಲ."

"ಸುಳ್ಳು ತೋರಿಸಿದ್ದೆ."

"ಅಮ್ಮನ್ನ ಅಜ್ಜಿ ಪಕ್ಕ ಮಲಗಿಸಿದೀನಿ ಅಂದ್ಯಲ್ಲ."

"ಸುಳ್ಳು."

ಗುಂಪಿನಲ್ಲಿದ್ದ ಹಿರಿಯ ಹೆಂಗಸೊಬ್ಬಳು "ಅಯ್ಯೋ ನಿನ್ ಮನೆ ಹಾಳಾಗ" ಎಂದಳು. ಯಾರೋ ಕ್ಯಾಕರಿಸಿ ಉಗಿದರು. ಮುನಿರಾಮಪ್ಪ ಯಾರ ಮುಖವನ್ನೂ ನೋಡಲಿಲ್ಲ. ಅವನ ಕಿವಿಗಳು ಸುಡುತ್ತಿದ್ದವು. ಮೈಮೇಲೆ ಬಟ್ಟೆಯಿಲ್ಲದೆ ನಿಂತ ಹಾಗಿತ್ತು.

ಕಾರಿನೊಳಗಿಂದ ಚಿಕ್ಕಗಂಗಮ್ಮನ ದನಿ ಬಂತು. "ಹೆತ್ತ ತಾಯಿ ಗುಂಡಿ ನಿಂಗೆ ಗೊತ್ತಿಲ್ವೇನೋ? ನೀನು ಎಂಥ ಮಗನೋ?"

ಮುನಿರಾಮಪ್ಪ ಆಗ ತಲೆಯೆತ್ತಿದ.

"ಆವತ್ತು ನಾನು ನಿಮ್ಮ ಗೌಡ್ರ ಗುಂಡಿ ಅಗೀತಾ ಇದ್ದೆ ಅಮ್ಮಾವ್ರೆ."

ಅವನು ಕೈಯ ಮಣ್ಣನ್ನು ಟವೆಲಿಗೆ ಒರೆಸಿದ.

"ನಮ್ಮಮ್ಮ ಅಂಗಳದಾಗಿದ್ಳು. ಕರೆದ್ರಿ, ಬಂದೆ. ನಾನು ವಾಪಸ್ ಬರೋ ಹೊತ್ಗೆ ಮಣ್ಣು ಮಾಡಿದ್ರು. ಎಲ್ಲಿ ಅಂತ ಕೇಳೋಕೆ ನಾಚಿಕೆ ಆಯ್ತು. ಕೇಳಲಿಲ್ಲ. ನಿಮ್ಮ ಗೌಡ್ರದು ಗೊತ್ತು. ಮೊನ್ನೆ ನೆನಪಿಲ್ಲ ಅಂದಿದ್ದೂ ಸುಳ್ಳೇ. ಕಣ್ಣು ಕಟ್ಟಿ ಬಿಟ್ರೂ ಹೋಗಿ ಅವರ ತಲೆ ಹತ್ರ ನಿಲ್ತೀನಿ. ನಮ್ಮಮ್ಮಂದು ಗೊತ್ತಿಲ್ಲ. ಎಂಥ ಮಗ ಅಂತ ಕೇಳಿದ್ರಲ್ಲ. ಇಂಥ ಮಗ."

ಮುದುಕಿ ಕಾರಿನ ಬಾಗಿಲ ಹಿಡಿಯನ್ನು ಹಿಡಿದುಕೊಂಡಳು.

ಕಾಂತರಾಜ್ ಪೆನ್ನು ಮುಚ್ಚಿದ. "ನಂಗೆ ಇದೆಲ್ಲ ಬೇಡಪ್ಪ. ಗುಂಡಿ ಇದೆಯೋ ಇಲ್ಲವೋ ಅಷ್ಟು ಹೇಳು."

"ಇವೆ ಸಾರ್. ಇಲ್ಲಿ ಇಪ್ಪತ್ತೆರಡು ಗುಂಡಿ ನನ್ನ ಕೈಯಾಗೇ ತೋಡಿರೋದು. ಅದ್ರಲ್ಲಿ ಒಂದೂ ತಪ್ಪಲ್ಲ. ಬನ್ನಿ."

ಅವನು ಹಾರೆ ಎತ್ತಿಕೊಂಡು ನಡೆದ. ಲೆಕ್ಕ ಹಾಕಲಿಲ್ಲ, ಅತ್ತಿತ್ತ ನೋಡಲಿಲ್ಲ. ಹಳ್ಳದ ಅಂಚಿನಲ್ಲಿ ಲಂಟಾನ ಪೊದೆಯನ್ನು ಕಾಲಿನಿಂದ ತುಳಿದು ಸರಿಸಿ ನಿಂತ. "ಪೆದ್ದಪ್ಪ. ಇಪ್ಪತ್ತೊಂದು ವರ್ಷ ಆಯ್ತು. ಲಾರಿ ಗುದ್ದಿ ತೊಡೆ ಮುರಿದು, ಕೋಲಾರದ ಆಸ್ಪತ್ರೆಯಾಗೆ ಕಬ್ಬಿಣದ ಸರಳು ಹಾಕಿದ್ರು. ಎರಡು ವರ್ಷ ಬದುಕಿದ್ದ. ತಲೆ ತೆಂಕಲಿಗೆ. ಸರಳು ಇಲ್ಲಿರ್ಬೇಕು." ಹಾರೆಯ ತುದಿಯಿಂದ ಒಂದು ಗೀಟು ಎಳೆದ.

ಹಾರೆ ಇಳಿಯಿತು. ಸದ್ದು ದಪ್ಪಗಿತ್ತು. ಕಾಲೊನಿಯ ಇಬ್ಬರು ಹುಡುಗರು ಬಂದು ಸನಿಕೆ ಹಿಡಿದರು. ನಾಲ್ಕಡಿಯ ನಂತರ ಅವನು ಅವರನ್ನು ಮೇಲೆ ಕಳಿಸಿ ಮಂಡಿಯೂರಿ ಕೈಯಲ್ಲೇ ಮಣ್ಣು ಬಗೆದ. ಮೊದಲು ಬೇರು ಎಂದುಕೊಂಡ ಕಂದು ಬಣ್ಣದ್ದೊಂದು ಬಂತು. ಅದು ತೊಡೆಯ ಮೂಳೆ. ಮುರಿದ ತುದಿಯಿಂದ ಉಕ್ಕಿನ ಸರಳು ಹೊರಗೆ ಚಾಚಿತ್ತು. ಅವನು ಬೆರಳಿನಿಂದ ಒರೆಸಿದ. ಸರಳು ಹೊಳೆಯಿತು.

ಪೆದ್ದಪ್ಪನ ಹೆಂಡತಿ ಸುನಂದ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕೂತು ನೋಡಿದಳು. "ತೆಗೆಸ್ಬೇಕು, ಮತ್ತೆ ಕೊಯ್ಬೇಕು ಅಂದಿದ್ರು ಡಾಕ್ಟ್ರು," ಎಂದಳು. "ಇರ್ಲಿ ಬಿಡಿ, ಅವನ ಮೈಯಾಗೆ ಗಟ್ಟಿ ಇರೋದು ಅದೊಂದೇ ಅಂದಿದ್ದೆ." ಯಾರೋ ನಕ್ಕರು. ಅವಳೂ ನಗಲು ಹೋದಳು. ಆಮೇಲೆ ಸೆರಗು ಬಾಯಿಗೆ ತುರುಕಿಕೊಂಡಳು.

ಕಾಂತರಾಜ್ ಕರ್ಚೀಫು ತೆಗೆದು ಫೋಟೊ ಹಿಡಿದ. ಬರೆದುಕೊಂಡ. ನಂದೀಶನ ಕಡೆ ತಿರುಗಿ, "ದನ ಮೇಯ್ತಿದ್ವು ಅಂತ ಬರೆದಿದೀರಲ್ಲ ಸ್ವಾಮಿ. ಈಗ ನಾನೇನು ಮಾಡ್ಲಿ?" ಎಂದ.

*

ಸೋಮವಾರಕ್ಕೆ ಪಂಚಾಯಿತಿಯವರು ಕಲ್ಲು ಕ್ವಾರಿಯ ಹಿಂದೆ ಒಂದು ಇಳಿಜಾರನ್ನು ತೋರಿಸಿದರು. ಗರಸು ನೆಲ. ಮರವಿಲ್ಲ, ನೀರಿಲ್ಲ. ಆದರೆ ಈ ಸಲ ಕಾಗದದಲ್ಲಿ ಸ್ಮಶಾನ ಎಂದು ಬರೆದಿತ್ತು. ತ್ರಿವೇಣಿ ಬರೆಸಿಕೊಂಡು ಬಂದಿದ್ದಳು. ಶನಿವಾರದಿಂದ ಅವಳು ಅಪ್ಪನ ಜೊತೆ ಮಾತಾಡಿರಲಿಲ್ಲ. ಊಟ ಬಡಿಸಿ ಆಚೆ ಹೋಗಿ ಕೂರುತ್ತಿದ್ದಳು.

ಮರುದಿನ ಬೆಳಿಗ್ಗೆ ಕಾಲೊನಿಯವರು ಟ್ರ್ಯಾಕ್ಟರಿಗೆ ಕಾಯುತ್ತಿದ್ದಾಗ ಮುನಿರಾಮಪ್ಪ ಗೌಡನ ತೋಟಕ್ಕೆ ಹೋದ. ನಂದೀಶ್, ಅವನ ತಾಯಿ ಇಬ್ಬರೂ ಅಲ್ಲಿದ್ದರು. ಗುರುವಾರ ಅಗೆದ ಖಾಲಿ ಗುಂಡಿಯನ್ನು ದಾಟಿ ಎಂಟು ಮಾರು ನಡೆದ. ನಿಂತ. ಹಾರೆಯ ಮೊನೆಯಿಂದ ಆರಡಿ ಉದ್ದ ಮೂರಡಿ ಅಗಲಕ್ಕೆ ನಾಲ್ಕು ಗೀಟು ಎಳೆದ.

"ಇಲ್ಲಿ. ತಲೆ ಈ ಕಡೆ. ನಾಲ್ಕಡಿ ಆದ್ಮೇಲೆ ನಿಧಾನ, ಕೈಯಾಗೆ ಬಗೀರಿ."

ಹಾರೆಯನ್ನು ನಂದೀಶನ ಮುಂದೆ ನೆಲಕ್ಕೆ ಊರಿದ.

"ಏನಿದು?" ಎಂದ ನಂದೀಶ್.

"ಹಾರೆ."

"ಅದು ಗೊತ್ತು ಕಣ್ಲಾ. ಅಗಿ."

"ಇಲ್ಲ."

"ಏನಂದೆ?"

"ತೋರಿಸ್ತೀನಿ ಅಂತ ಬಂದೆ, ತೋರಿಸಿದೀನಿ. ಅಗಿಯೋದಿಲ್ಲ. ನಿಮ್ಮಪ್ಪ, ನೀವು ಅಗೀರಿ."

ನಂದೀಶನ ಕೈ ಮೇಲೆದ್ದಿತು. ಮುನಿರಾಮಪ್ಪ ಹಿಂದೆ ಸರಿಯಲಿಲ್ಲ. ಬೀಳುವ ಏಟಿಗೆ ಕುತ್ತಿಗೆ ಬಿಗಿಯಿತು, ಅಷ್ಟೇ. "ಜೆಸಿಬಿ ಕರೆಸ್ತೀನಿ," ಎಂದ ನಂದೀಶ್ ಕೈ ಇಳಿಸಿ. "ನಿನ್ನ ಹಂಗೇನೂ ಇಲ್ಲ."

"ಮೆಷಿನ್ನು ಅವರ ಮೈಗೆ ತಾಗಬಾರ್ದು," ಎಂದಳು ಚಿಕ್ಕಗಂಗಮ್ಮ ಕುರ್ಚಿಯಿಂದ. ಅವಳು ಮುನಿರಾಮಪ್ಪನ ಕಡೆ ನೋಡುತ್ತಿರಲಿಲ್ಲ. ನೆಲದ ಮೇಲಿನ ನಾಲ್ಕು ಗೀಟುಗಳನ್ನು ನೋಡುತ್ತಿದ್ದಳು. "ಅಂಗಿ ಬಿಚ್ಚಿಡು ನಂದೀಶ. ಅಗಿ."

ಮುನಿರಾಮಪ್ಪ ಬರಿಗೈಯಲ್ಲಿ ವಾಪಸು ಬಂದ.

ಕಾಲೊನಿಯ ಜಾಗದಲ್ಲಿ ಇಪ್ಪತ್ತೆರಡು ಹೆಸರುಳ್ಳ ಗುಂಡಿಗಳು ಮಧ್ಯಾಹ್ನದೊಳಗೆ ತೆರೆದುಕೊಂಡವು. ಅವನು ನಿಂತ ಕಡೆ, ಹೇಳಿದ ಆಳಕ್ಕೆ, ಹೇಳಿದವರು ಸಿಕ್ಕರು. ಹೆಂಡತಿಯನ್ನು ಅವನೇ ಎತ್ತಿದ. ಆಮೇಲೆ ಉಳಿದ ನೆಲದ ಉದ್ದಕ್ಕೂ ಬೇರೊಬ್ಬರ ಹಾರೆಯಿಂದ ಅಡಿಗಡಿಗೆ ಕುಟ್ಟುತ್ತಾ ಹೋದ. ಸದ್ದು ದಪ್ಪಗಾದ ಕಡೆ ಅಗೆಸಿದ. ಇನ್ನೂ ಏಳು ಜನ ಸಿಕ್ಕರು. ಅವನ ಕಾಲಕ್ಕೂ ಹಿಂದಿನವರು, ಅವನು ಇಲ್ಲದಾಗ ಹೂತವರು. ಒಂದಕ್ಕೂ ಗುರುತಿಲ್ಲ. ಬಳೆಯಿಲ್ಲ, ತಾಳಿಯಿಲ್ಲ. ಕದಿರಮ್ಮನ ಮೈಮೇಲೆ ಹೂಳುವಾಗ ಒಂದು ಚೂರು ಲೋಹ ಇರಲಿಲ್ಲ. ಏಳು ತಲೆಬುರುಡೆಗಳನ್ನೂ ಅವನು ಒಂದೊಂದಾಗಿ ಕೈಯಲ್ಲಿ ಹಿಡಿದು ನೋಡಿದ. ಮಗನಿಗೆ ಗೊತ್ತಾಗಬೇಕಲ್ಲವೇ ಎಂದುಕೊಂಡ. ಗೊತ್ತಾಗಲಿಲ್ಲ. ಎಲ್ಲವೂ ಒಂದೇ ಬಣ್ಣಕ್ಕಿದ್ದವು.

"ಈ ಏಳನ್ನೂ ಒಂದೇ ಗುಂಡಿಗೆ ಹಾಕ್ಬಿಡಿ," ಎಂದ ಕಾಂತರಾಜ್. "ವಾರಸುದಾರರಿಲ್ಲ ಅಂತ ಬರ್ಕೋತೀನಿ."

"ಹಾಗೆ ಬರೀಬೇಡಿ ಸಾರ್," ಎಂದ ಮುನಿರಾಮಪ್ಪ. "ನಾನಿದೀನಿ. ಏಳು ಗುಂಡಿ ತೋಡ್ತೀನಿ."

ಕ್ವಾರಿಯ ಹಿಂದೆ ಬಿಸಿಲು ಸುಡುತ್ತಿತ್ತು. ಗರಸು ನೆಲ ಹಾರೆಗೆ ಬಗ್ಗಲಿಲ್ಲ. ಹುಡುಗರು ಬಂದರು, ಬೇಡವೆಂದ. ಮೊದಲ ಗುಂಡಿಗೆ ಅಂಗೈಯ ಚರ್ಮ ಎದ್ದಿತು. ಎರಡನೆಯದಕ್ಕೆ ಹರಿಯಿತು. ಒಂದೊಂದಕ್ಕೂ ತಾನೇ ಇಳಿದು, ಬಟ್ಟೆಯ ಗಂಟು ಬಿಚ್ಚಿ, ಬುರುಡೆ ತೆಂಕಲಿಗಿಟ್ಟು, ಮೇಲೆ ಬಂದು ಮೂರು ಹಿಡಿ ಮಣ್ಣು ಹಾಕಿದ. ಊರಿನವರಿಗೆಲ್ಲ ಸನಿಕೆಯಿಂದ ಮಣ್ಣೆಳೆದಿದ್ದ. ಮಗನ ಹಾಗೆ ಹಿಡಿಯಲ್ಲಿ ಹಾಕಿದ್ದು ಇದೇ ಮೊದಲು. ಮೂರನೆಯ ಗುಂಡಿಯಲ್ಲಿದ್ದಾಗ ಮೇಲೆ ಬಾಂಡ್ಲಿ ಎಳೆದ ಸದ್ದಾಯಿತು. ತ್ರಿವೇಣಿ. ಚೂಡಿದಾರದ ತೋಳು ಮಡಿಸಿಕೊಂಡಿದ್ದಳು. ಅವನು ಎತ್ತಿ ಕೊಟ್ಟ ಮಣ್ಣನ್ನು ಒಯ್ದು ಸುರಿದಳು.

ನಾಲ್ಕನೆಯದು ಮುಚ್ಚುತ್ತಿದ್ದಾಗ ಲಿಯಾಖತ್ ಬೈಕಿನಲ್ಲಿ ಬಂದ.

"ಚಾಚಾ, ನಂದೀಶಣ್ಣ ಕರೀತವ್ರೆ. ಮೂರಡಿಗೆ ಬಂಡೆ ಸಿಕ್ತಂತೆ. ಕೈಯೆಲ್ಲ ಬೊಬ್ಬೆ ಬಂದು ಕೂತವ್ರೆ. ಅಮ್ಮಾವ್ರು ಅಳ್ತಾವ್ರೆ. ನೀವೇ ಬರ್ಬೇಕಂತೆ, ಈಗ್ಲೇ."

"ಬಂಡೆ ಅಲ್ಲ. ನಾನೇ ಮೇಲೆ ಮುಚ್ಚಿದ್ದ ಚಪ್ಪಡಿ. ನರಿ ಬಗೀಬಾರ್ದು ಅಂತ. ಪಕ್ಕದಿಂದ ಮೀಟಿದ್ರೆ ಬರ್ತದೆ ಅಂತ ಹೇಳು."

"ನೀವು ಬರಲ್ವಾ?"

"ಇಲ್ಲಪ್ಪ. ಇವತ್ತು ನಮ್ಮಮ್ಮನ ಮಣ್ಣು."

ಲಿಯಾಖತ್ ಬೈಕಿನಿಂದ ಇಳಿದ. ತಲೆಯ ಟೋಪಿ ಸರಿಮಾಡಿಕೊಂಡ. ಮುಚ್ಚಿದ ನಾಲ್ಕು ಗುಡ್ಡೆಗಳನ್ನು, ಬಟ್ಟೆಯಲ್ಲಿ ಕಾಯುತ್ತಿದ್ದ ಮೂರು ಗಂಟುಗಳನ್ನು ನೋಡಿದ.

"ಯಾವ್ದು ಚಾಚಾ, ಅಮ್ಮಂದು?"

ತ್ರಿವೇಣಿಯೂ ಬಾಂಡ್ಲಿ ಹಿಡಿದು ನಿಂತು ಅಪ್ಪನ ಮುಖ ನೋಡಿದಳು.

ಮುನಿರಾಮಪ್ಪ ಈ ಸಲ ಕೈ ಎತ್ತಿ ಎಲ್ಲಿಗೂ ತೋರಿಸಲಿಲ್ಲ. ತಲೆ ತಗ್ಗಿಸಿಕೊಂಡು ಐದನೆಯದಕ್ಕೆ ಹಾರೆ ಹಾಕಿದ.